ಸಕ್ಕರೆ ಹಿಡಿದು ನಿಲ್ಲುವ ಜೀವಕೋಶಗಳು

ಈ ಕಥೆ ಶುರುವಾಗುವುದು ವಿಷದಿಂದ. 1888ರಲ್ಲಿ ಇಂದಿನ ಎಸ್ಟೋನಿಯಾದ ಟಾರ್ಟು ಊರಿನ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ಹರಳು ಬೀಜದ ವಿಷವನ್ನು ಪರೀಕ್ಷಿಸುತ್ತಿದ್ದರು. ಬೀಜದ ಪ್ರೋಟೀನ್ ಬೆರೆಸಿದ್ದೇ ತಡ, ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟಿದವು. ಯಾಕೆ?

ಉತ್ತರ ಸಿಗಲು ಸುಮಾರು ಐವತ್ತು ವರ್ಷ ಬೇಕಾಯಿತು. 1936ರಲ್ಲಿ ಜೇಮ್ಸ್ ಸಮ್ನರ್ ಮತ್ತು ಹೋವೆಲ್ ಇನ್ನೊಂದು ಬೀಜದ ಪ್ರೋಟೀನ್ ಜೊತೆ ಸಕ್ಕರೆ ಬೆರೆಸಿ ನೋಡಿದರು. ಗಂಟು ಕಟ್ಟುವುದು ನಿಂತಿತು. ಅಂದರೆ ಪ್ರೋಟೀನ್ ಹಿಡಿಯುತ್ತಿದ್ದದ್ದು ಕಣದ ಮೈಮೇಲಿರುವ ಸಕ್ಕರೆಯನ್ನು! ಇಂಥ ಪ್ರೋಟೀನ್‌ಗಳು ಸಿಕ್ಕಸಿಕ್ಕ ಸಕ್ಕರೆಯನ್ನೆಲ್ಲ ಹಿಡಿಯುವುದಿಲ್ಲ, ತಮಗೆ ಬೇಕಾದ್ದನ್ನು ಆರಿಸುತ್ತವೆ. ಹಾಗಾಗಿ 1954ರಲ್ಲಿ ವಿಲಿಯಂ ಬಾಯ್ಡ್ ಇವಕ್ಕೆ 'ಲೆಕ್ಟಿನ್' ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ 'ಆರಿಸು' ಎನ್ನುವ ಪದದಿಂದ ಬಂದದ್ದು ಅದು.

ಬಹಳ ಕಾಲ ಇದು ಗಿಡಗಳ ಸಂಗತಿ ಎಂದೇ ಹೆಚ್ಚಿನವರು ತಿಳಿದಿದ್ದರು. 1975ರಲ್ಲಿ ವಿದ್ಯುತ್ ಈಲ್ ಮೀನಿನಲ್ಲೂ ಒಂದು ಲೆಕ್ಟಿನ್ ಸಿಕ್ಕಿತು. ಅದು ಹಿಡಿಯುತ್ತಿದ್ದದ್ದು ಗ್ಯಾಲಕ್ಟೋಸ್ ಇರುವ ಸಕ್ಕರೆಗಳನ್ನು. ಅದರ ಬಳಗ ಪ್ರಾಣಿಗಳಲ್ಲೆಲ್ಲ ಕಾಣಿಸಿತು, ನಮ್ಮಲ್ಲೂ. 1994ರಲ್ಲಿ ಅದಕ್ಕೆ 'ಗ್ಯಾಲೆಕ್ಟಿನ್' ಎಂಬ ಹೆಸರು ಬಂತು. ಇದಕ್ಕೆ ಒಂದಕ್ಕಿಂತ ಜಾಸ್ತಿ ಕೈ. ಒಂದು ಕೈಯಲ್ಲಿ ಜೀವಕೋಶದ ಸಕ್ಕರೆ, ಇನ್ನೊಂದರಲ್ಲಿ ಸುತ್ತಲಿನ ಹಂದರದ ಲ್ಯಾಮಿನಿನ್‌ ಪ್ರೋಟೀನಿನ ಸಕ್ಕರೆ. ಹಾಗಂತ ಇದನ್ನು ಬರೀ ಅಂಟು ಅಂದುಕೊಂಡರೆ ತಪ್ಪು. ಕೆಲವು ಸಂದರ್ಭಗಳಲ್ಲಿ ಇದೇ ಪ್ರೋಟೀನ್ ಹಿಡಿತ ಸಡಿಲಿಸುತ್ತದೆ.

ನನಗೆ ಇನ್ನೂ ಸೊಗಸು ಅನ್ನಿಸುವುದು 1989ರ ಹೊತ್ತಿಗೆ ಗುರುತು ಸಿಕ್ಕ ಸೆಲೆಕ್ಟಿನ್ ಎಂಬ ಲೆಕ್ಟಿನ್‌ಗಳು. ಸೋಂಕು ತಗುಲಿದ ಕಡೆ ರಕ್ತನಾಳದ ಒಳಗೋಡೆ ಇವನ್ನು ಹೊರಚಾಚುತ್ತದೆ. ರಭಸದಲ್ಲಿ ಹರಿದುಬರುವ ಬಿಳಿ ರಕ್ತಕಣದ ಸಕ್ಕರೆ ಇವಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಡಿತ ಗಟ್ಟಿಯಲ್ಲ, ಕ್ಷಣದಲ್ಲಿ ಬಿಡುತ್ತದೆ, ಮುಂದಿನದು ಹಿಡಿಯುತ್ತದೆ. ಕಣ ಗೋಡೆಯುದ್ದಕ್ಕೂ ಉರುಳುತ್ತಾ ನಿಧಾನವಾಗುತ್ತದೆ. ಆಮೇಲೆ ಇಂಟೆಗ್ರಿನ್ ಎಂಬ ಬೇರೆ ಪ್ರೋಟೀನ್‌ಗಳು ಬಿಗಿಯಾಗಿ ಹಿಡಿದು ನಿಲ್ಲಿಸುತ್ತವೆ. ಮೊದಲ ಹಿಡಿತವೇ ಗಟ್ಟಿಯಾಗಿದ್ದರೆ ಉರುಳುವುದೆಲ್ಲಿ ಬಂತು, ಅಲ್ವಾ?

ಈ ಸಕ್ಕರೆ ಇಲ್ಲದಿದ್ದರೆ? 1992ರಲ್ಲಿ ವೈದ್ಯರು ಅಂಥ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿದರು. ರಕ್ತದಲ್ಲಿ ಬಿಳಿ ಕಣಗಳಿಗೆ ಬರವಿರಲಿಲ್ಲ, ಆದರೂ ಸೋಂಕು ಮರುಕಳಿಸುತ್ತಲೇ ಇತ್ತು. ಕಣಗಳ ಮೈಮೇಲೆ ಫ್ಯೂಕೋಸ್ ಎಂಬ ಸಕ್ಕರೆ ಇರಲಿಲ್ಲ, ಸೆಲೆಕ್ಟಿನ್‌ಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಮುಂದೆ ಇದೇ ಕಾಯಿಲೆಯ ಕೆಲವರಿಗೆ ವೈದ್ಯರು ಫ್ಯೂಕೋಸನ್ನೇ ಬಾಯಿಯ ಮೂಲಕ ಕೊಟ್ಟರು. ಅವರಲ್ಲಿ ಎಲ್ಲರಿಗೂ ಅಲ್ಲದಿದ್ದರೂ ಕೆಲವರ ಬಿಳಿ ಕಣಗಳು ಮತ್ತೆ ಗೋಡೆ ಹಿಡಿಯತೊಡಗಿದವು.