ಕಾರ್ಡಿನ ವಿಳಾಸ, ರೋಗಿಯ ವಿಳಾಸ

ದಡಾರದ ಶಂಕೆಯಿದ್ದ ಮಗುವೊಂದನ್ನು ನೋಡಿದ ದಿನವೇ ಸ್ಥಳೀಯ ಆರೋಗ್ಯಾಧಿಕಾರಿಗಳಿಗೆ ವರದಿ ಕಳಿಸಿದ್ದೆ. ಮಾರನೆಯ ದಿನ ಅವರ ಸಿಬ್ಬಂದಿ ಹುಡುಕಿಕೊಂಡು ಹೋದ ಮನೆಯಲ್ಲಿ ಬೇರೆ ಯಾರೋ ಇದ್ದರು. ವಿಮೆ ಕಾರ್ಡಿನ ಹಳೆಯ ವಿಳಾಸವೇ ನಮ್ಮ ಕೇಸ್ ಶೀಟಿಗೂ, ಅಲ್ಲಿಂದ ವರದಿಗೂ ಹೋಗಿತ್ತು. ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸಿದ್ದ ಕೌಂಟರಿನವರು "ಈಗ ಎಲ್ಲಿದ್ದೀರಿ?" ಎಂದು ಕೇಳಿರಲಿಲ್ಲ. ಫೋನ್ ನಂಬರೂ ಬಳಕೆಯಲ್ಲಿರಲಿಲ್ಲ. ಸರಿಯಾದ ಮನೆ ಸಿಗುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ದಡಾರದ ಮಟ್ಟಿಗೆ ಎರಡು ದಿನ ಬಹಳ ದೊಡ್ಡ ಅವಧಿ. ಮೈಮೇಲೆ ದದ್ದು ಏಳುವುದಕ್ಕೆ 4 ದಿನ ಮೊದಲೇ ರೋಗಿಯಿಂದ ಅದು ಹರಡತೊಡಗುತ್ತದೆ, ಎದ್ದ ಮೇಲೂ 4 ದಿನ ಹರಡುತ್ತಲೇ ಇರುತ್ತದೆ. ಸಂಪರ್ಕಕ್ಕೆ ಬಂದವರಿಗೆ ಲಸಿಕೆ ಆಗಿಲ್ಲದಿದ್ದರೆ 72 ಗಂಟೆಯೊಳಗೆ ಹಾಕಿಸಬೇಕು. ಲಸಿಕೆ ಕೊಡಲಾಗದ ಗರ್ಭಿಣಿಗೋ ಎಳೆಗೂಸಿಗೋ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡುವುದಾದರೆ 6 ದಿನದೊಳಗೆ ಆಗಬೇಕು. ಈ ಲೆಕ್ಕ ಶುರುವಾಗುವುದು ಸಂಪರ್ಕವಾದ ಗಳಿಗೆಯಿಂದ. ನಾವು ರೋಗ ಗುರುತಿಸುವ ಹೊತ್ತಿಗೆ ಅದರಲ್ಲಿ ಒಂದಷ್ಟು ಆಗಲೇ ಮುಗಿದಿರುತ್ತದೆ. ಆದ್ದರಿಂದಲೇ ಇಂಥ ರೋಗಗಳಲ್ಲಿ ಲ್ಯಾಬ್ ಫಲಿತಾಂಶಕ್ಕೆ ಕಾಯದೆ ಶಂಕೆಯ ಮೇಲೆಯೇ ತಿಳಿಸಬೇಕು.

ಕೌಂಟರಿನಲ್ಲಿ ಕಾರ್ಡ್ ನೋಡಿ ಮಾಡುವ ಅರ್ಹತೆ ಪರಿಶೀಲನೆ ಎಂದರೆ ಚಿಕಿತ್ಸೆಯ ಖರ್ಚು ಯಾರು ಕೊಡುತ್ತಾರೆ ಎಂದು ಖಚಿತಪಡಿಸಿಕೊಳ್ಳುವುದು. ಹೆಸರು, ಹುಟ್ಟಿದ ದಿನಾಂಕ, ಕಾರ್ಡ್ ಸಂಖ್ಯೆ, ಅವಧಿ ಸರಿಹೊಂದಿದರೆ ಬಿಲ್ಲಿಂಗ್‌ನವರ ಕೆಲಸ ಮುಗಿಯಿತು. ರೋಗದ ವರದಿಗೆ ಬೇಕಾದ ಉತ್ತರಗಳೇ ಬೇರೆ: ಇವರು ಎಲ್ಲಿ ವಾಸವಿದ್ದಾರೆ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾವ ಶಾಲೆ, ಯಾವ ಕೆಲಸ. ಎರಡಕ್ಕೂ ಮಾಹಿತಿ ತುಂಬುವುದು ಒಂದೇ ಕೌಂಟರಿನಲ್ಲಿ. ಗೊಂದಲ ಹುಟ್ಟುವುದೂ ಅಲ್ಲಿಯೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅರ್ಹತೆ ಸಿಗದ ರೋಗಿಯ ಸ್ಥಿತಿ. ಕಾರ್ಡಿನ ಅವಧಿ ಮುಗಿದಿದೆ ಎಂದು ನೋಂದಣಿಯನ್ನೇ ಅರ್ಧಕ್ಕೆ ನಿಲ್ಲಿಸಿದರೆ ಆತ ವೈದ್ಯರ ಎದುರಿಗೇ ಬರುವುದಿಲ್ಲ. ಅವನ ಗಂಟಲುಮಾರಿಯೋ ಕ್ಷಯವೋ ಯಾವ ಲೆಕ್ಕಕ್ಕೂ ಸಿಗದೆ ಬೀದಿಗೆ ಮರಳುತ್ತದೆ. ತಿಳಿಸುವ ಹೊಣೆ ಹುಟ್ಟುವುದು ರೋಗದಿಂದ, ಕಾರ್ಡಿನಿಂದಲ್ಲ. ಇಂಗ್ಲೆಂಡಿನಲ್ಲಿ 1889ರಲ್ಲಿ ಬಂದ ಸಾಂಕ್ರಾಮಿಕ ರೋಗ ಅಧಿಸೂಚನೆ ಕಾಯ್ದೆ (ರೋಗ ಕಂಡರೆ ಅಧಿಕಾರಿಗಳಿಗೆ ತಿಳಿಸುವ ಕಾಯ್ದೆ) ವೈದ್ಯರಿಂದ ಕೇಳಿದ್ದು ಮುಖ್ಯವಾಗಿ ಮೂರು ಸಂಗತಿ: ರೋಗಿಯ ಹೆಸರು, ಆತ ಇರುವ ಕಟ್ಟಡ, ರೋಗ. ಆ ಪಟ್ಟಿಯಲ್ಲಿ ಕಟ್ಟಡಕ್ಕೆ ಸಿಕ್ಕ ಜಾಗ ನೋಡಿದಾಗಲೆಲ್ಲ ನನಗೆ ಆ ಮಗುವಿನ ಹಳೆಯ ವಿಳಾಸ ನೆನಪಾಗುತ್ತದೆ.

ನಿಜವಾದ ವಿಳಾಸ ಹೇಳಲು ಹೆದರುವವರೂ ಇದ್ದಾರೆ. ಬಾಡಿಗೆ ಮನೆ ಬಿಡಿಸಿಯಾರು, ಕೆಲಸ ಹೋದೀತು ಎಂಬ ಅವರ ಭಯ ಸುಳ್ಳಲ್ಲ. ವರದಿ ಆರೋಗ್ಯಾಧಿಕಾರಿಗೆ ಹೋಗುತ್ತದೆ, ಮನೆ ಮಾಲೀಕರಿಗಾಗಲಿ ಕೆಲಸ ಕೊಟ್ಟವರಿಗಾಗಲಿ ನಾವು ಹೇಳುವುದಿಲ್ಲ ಎಂದು ಎದುರಿಗೆ ಕೂತು ವಿವರಿಸಬೇಕು. ಅವಸರದಲ್ಲಿ ಕೇಳಿದರೆ ಅವಸರದ ಉತ್ತರವೇ ಸಿಗುತ್ತದೆ.

ಈಗ ನಮ್ಮ ಕೌಂಟರಿನಲ್ಲಿ ಕಾರ್ಡ್ ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಈ ವಾರ ರಾತ್ರಿ ಎಲ್ಲಿ ಮಲಗುತ್ತಿದ್ದೀರಿ?" ಫೋನ್ ನಂಬರ್ ಬರೆದುಕೊಂಡ ಕೂಡಲೇ ಅಲ್ಲೇ ಒಮ್ಮೆ ಕರೆ ಮಾಡುತ್ತಾರೆ. ರೋಗಿಯ ಜೇಬಿನಲ್ಲಿ ಫೋನ್ ರಿಂಗಾದ ಮೇಲೆ ಫೈಲ್ ನನ್ನ ಮೇಜಿಗೆ ಬರುತ್ತದೆ.