ಜನಾಂಗ ಕೇಳೋ ಹಾಗಿಲ್ಲ, ವಿಳಾಸ ಕೇಳಬಹುದು: ಸಿಯಾಟಲ್‌ನ ಉದ್ಯೋಗ ತರಬೇತಿ

ನಗರಾಡಳಿತದ ಉದ್ಯೋಗ ತರಬೇತಿಯಲ್ಲಿ ಜನಾಂಗೀಯ ಸಮಾನತೆ ಅನ್ನುವ ಪಾಠಕ್ಕೆ ನಾನು ಅಮೆರಿಕದ ಸಿಯಾಟಲ್ ನಗರವನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ಇಕ್ಕಟ್ಟು ವಿಚಿತ್ರವಾಗಿದೆ. 1998ರಲ್ಲಿ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಮತದಾರರು ಐ-200 ಎಂಬ ಕಾನೂನಿಗೆ ಒಪ್ಪಿಗೆ ಕೊಟ್ಟರು. ಸರ್ಕಾರಿ ನೌಕರಿ, ಗುತ್ತಿಗೆ, ಶಿಕ್ಷಣದಲ್ಲಿ ಜನಾಂಗ ನೋಡಿ ಆದ್ಯತೆ ಕೊಡುವಂತಿಲ್ಲ. ನಮ್ಮ ಮೀಸಲಾತಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆದರೂ ಜನಾಂಗಗಳ ನಡುವಿನ ಅಂತರ ಕಡಿಮೆ ಮಾಡಬೇಕು ಅಂತ ನಗರ ಹೊರಟಿದೆ. ಹೇಗೆ?

ಮೊದಲು ಸ್ವಲ್ಪ ಹಿನ್ನೆಲೆ. ಕಟ್ಟಡ ಕೆಲಸ ಅಲ್ಲಿ ಒಳ್ಳೆ ಸಂಬಳದ ಕೆಲಸ, ಕಾಲೇಜು ಡಿಗ್ರಿ ಬೇಕಿಲ್ಲ. ಆದರೆ ಯೂನಿಯನ್ ಒಳಗೆ ಹೋಗಲು ಅಪ್ರೆಂಟಿಸ್ (ಕೆಲಸ ಮಾಡುತ್ತಲೇ ಕಲಿಯುವವ) ಆಗಬೇಕು. ಅಪ್ಪನೋ ಚಿಕ್ಕಪ್ಪನೋ ಮೊದಲೇ ಒಳಗಿದ್ದರೆ ದಾರಿ ಸಲೀಸು. ಕಪ್ಪು ಜನಾಂಗದವರಿಗೆ ಅಂಥ ಚಿಕ್ಕಪ್ಪಂದಿರು ಎಲ್ಲಿಂದ ಬರಬೇಕು? 1969ರಲ್ಲಿ ಟೈರಿ ಸ್ಕಾಟ್ ಎಂಬ ಎಲೆಕ್ಟ್ರಿಷಿಯನ್ ಮುಂದಾಳತ್ವದಲ್ಲಿ ಅವರು ಸೈಟುಗಳಿಗೇ ನುಗ್ಗಿ ಕೆಲಸ ನಿಲ್ಲಿಸಿದರು. 1970ರಲ್ಲಿ ಫೆಡರಲ್ ಕೋರ್ಟು ಯೂನಿಯನ್‌ಗಳಿಗೆ ಚಾಟಿ ಬೀಸಿತು: ಕಪ್ಪು ಅಪ್ರೆಂಟಿಸ್‌ಗಳನ್ನು ಸೇರಿಸಿಕೊಳ್ಳಿ.

ಈಗ 2015ರ 'ಪ್ರಯಾರಿಟಿ ಹೈರ್' ಕಾಯ್ದೆಗೆ ಬನ್ನಿ. ನಗರದ 50 ಲಕ್ಷ ಡಾಲರ್‌ಗಿಂತ ದೊಡ್ಡ ಕಾಮಗಾರಿಗಳಲ್ಲಿ ದುಡಿಮೆಯ ಇಂತಿಷ್ಟು ಪಾಲು ಬಡ ಜಿಪ್ ಕೋಡ್‌ಗಳ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ನಿವಾಸಿಗಳಿಗೆ ಹೋಗಬೇಕು. ಬಡತನ, ನಿರುದ್ಯೋಗ, ಡಿಗ್ರಿ ಇಲ್ಲದವರ ಪ್ರಮಾಣ ನೋಡಿ ಆ ಪಟ್ಟಿ ಮಾಡುತ್ತಾರೆ. ಆ ಪಟ್ಟಿ ಮಾಡುವಾಗ ಜನಾಂಗದ ಮಾತೇ ಇಲ್ಲ. ಆದರೆ ಸಿಯಾಟಲ್‌ನಲ್ಲಿ 1968ರವರೆಗೆ ಕಪ್ಪು ಜನರಿಗೆ ಎಷ್ಟೋ ಬಡಾವಣೆಗಳಲ್ಲಿ ಮನೆ ಸಿಗುತ್ತಿರಲಿಲ್ಲ, ಅಲ್ವಾ? ಹಾಗಾಗಿ ವಿಳಾಸದಲ್ಲೇ ಜನಾಂಗ ಅಡಗಿ ಕೂತಿದೆ. ಜಾಣ ಉಪಾಯ ಅಂತಲೇ ನನ್ನ ಅಭಿಪ್ರಾಯ.

ತೂತೂ ಇದೆ. ಬಾಡಿಗೆ ಏರಿ ಸಿಯಾಟಲ್‌ನ ಸೆಂಟ್ರಲ್ ಡಿಸ್ಟ್ರಿಕ್ಟ್ ಬಡಾವಣೆಯ ಕಪ್ಪು ಕುಟುಂಬಗಳು ನಗರದಾಚೆ ದಕ್ಷಿಣಕ್ಕೆ, ರೆಂಟನ್, ಕೆಂಟ್ ಕಡೆಗೆ ಸರಿದವು. ಆದರೆ ಪಟ್ಟಿಯಲ್ಲಿ ನಗರದಾಚೆಯ ಕಿಂಗ್ ಕೌಂಟಿಯ (ಸಿಯಾಟಲ್ ಇರುವ ಜಿಲ್ಲೆಯ) ಜಿಪ್ ಕೋಡ್‌ಗಳಿಗೂ ಜಾಗ ಕೊಟ್ಟಿದ್ದಾರೆ.

ತರಬೇತಿಯ ಭಾಗ ನನಗೆ ಜಾಸ್ತಿ ಮುಖ್ಯ ಅನಿಸಿತು. ಅಪ್ರೆಂಟಿಸ್ ಆಗುವ ಮುಂಚೆಯೇ ಒಂದು ಪೂರ್ವ ತರಬೇತಿ ಇದೆ: ಗಣಿತ, ಉಪಕರಣ, ಸುರಕ್ಷತೆ. ಆದರೆ ಜನ ಸಿಕ್ಕಿ ಬೀಳುವುದು ಗಣಿತದಲ್ಲಷ್ಟೇ ಅಲ್ಲ, ಡ್ರೈವಿಂಗ್ ಲೈಸೆನ್ಸ್‌ನಲ್ಲೂ. ಎಷ್ಟೋ ಜನರ ಲೈಸೆನ್ಸ್ ಅಮಾನತಾಗಿರುತ್ತದೆ. ಸೈಟು ಬೆಳಕು ಹರಿಯುವ ಹೊತ್ತಿಗೇ ಶುರು, ಆ ಹೊತ್ತಿಗೆ ಬಸ್ಸೂ ಸರಿಯಾಗಿ ಇರುವುದಿಲ್ಲ, ಮಗುವನ್ನು ನೋಡಿಕೊಳ್ಳುವವರೂ ಸಿಗುವುದಿಲ್ಲ. ಹಾಗಾಗಿ ಲೈಸೆನ್ಸ್ ಬಿಡಿಸಿಕೊಡುವುದು, ಓಡಾಟದ ಖರ್ಚು ಇವೆಲ್ಲ ಕಾರ್ಯಕ್ರಮದ ಒಳಗೇ ಬರುತ್ತವೆ.

ಇನ್ನೊಂದು ಗೊಂದಲ ಬೇಡ. ಸಿಯಾಟಲ್ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿತಲ್ಲ, ಅದು 'ಭೇದ ಮಾಡಬೇಡ' ಅನ್ನುವ ಕಾನೂನು. ಪ್ರಯಾರಿಟಿ ಹೈರ್ ಬಾಗಿಲ ತನಕ ಕರೆದುಕೊಂಡು ಹೋಗುವ ಏರ್ಪಾಡು. ಈ ಪಾಠದ ಮೇಲೆ ಉತ್ತರ ಬರೆಯುವಾಗ ಎರಡನ್ನೂ ಬೆರೆಸಬೇಡಿ. ಎಷ್ಟು ಜನ ಸೇರಿದರು ಅಂತ ಸುಮ್ನೆ ಬರೆದು ನಿಲ್ಲಿಸಲೂ ಬೇಡಿ. ಪ್ರಯಾರಿಟಿ ಹೈರ್ ಕಾಯ್ದೆಯಲ್ಲಿ ಲೆಕ್ಕ ಇಡುವುದು ತಲೆಗಳನ್ನಲ್ಲ, ದುಡಿದ ಗಂಟೆಗಳನ್ನು.