ವೈಟ್‌ಫಿಶ್ ಮರಿಗಳಿಗೆ ಮೊದಲ ತುತ್ತೇ ಸಿಗುತ್ತಿಲ್ಲ

ಉತ್ತರ ಅಮೆರಿಕದ ಮಿಶಿಗನ್ ಮತ್ತು ಹ್ಯೂರಾನ್ ಸರೋವರಗಳಲ್ಲಿ ಲೇಕ್ ವೈಟ್‌ಫಿಶ್ ಈಗಲೂ ಮೊಟ್ಟೆ ಇಡುತ್ತದೆ, ಮೊಟ್ಟೆ ಒಡೆದು ಮರಿಗಳೂ ಬರುತ್ತವೆ. ಆದರೆ 2000ರ ದಶಕದ ನಡುವಿನಿಂದೀಚೆಗೆ ಬಹಳ ಕಡೆ ಆ ಮರಿಗಳು ದೊಡ್ಡವಾಗುತ್ತಿಲ್ಲ. ಇಪ್ಪತ್ತು ವರ್ಷ ದಾಟಿಯೂ ಬದುಕಬಲ್ಲ ಮೀನಾದ್ದರಿಂದ ಈ ಕೊರತೆ ಬಲೆಗಳಲ್ಲಿ ತಡವಾಗಿ ಕಾಣಿಸಿತು.

ಇದು ಸಾಲ್ಮನ್ ಕುಟುಂಬದ ಮೀನು. ಬೆನ್ನಿನ ಮೇಲೆ, ಬಾಲದ ಹತ್ತಿರ ಇರುವ ಪುಟ್ಟ ಮಾಂಸಲ ರೆಕ್ಕೆ ಆ ನಂಟಿನ ಗುರುತು. ಬಾಯಿ ಮೂತಿಯ ಕೆಳಗಿದೆ, ಅಂದರೆ ತಳದಲ್ಲಿ ಹೆಕ್ಕಿ ತಿನ್ನುವ ಜಾತಿ.

ನವೆಂಬರ್ ಹೊತ್ತಿಗೆ ಇವು ದಡದ ಕಡೆಗೆ, ಸಾಮಾನ್ಯವಾಗಿ 8 ಮೀಟರ್‌ಗಿಂತ ಕಡಿಮೆ ಆಳದ ಕಲ್ಲುತಳಕ್ಕೆ ಬರುತ್ತವೆ. ಗೂಡು ಕಟ್ಟುವುದಿಲ್ಲ. ಮೊಟ್ಟೆಗಳು ಕಲ್ಲುಗಳ ಸಂದಿಗೆ ಬಿದ್ದು ನಾಲ್ಕು ತಿಂಗಳಿಗೂ ಹೆಚ್ಚು ಅಲ್ಲೇ ಇರುತ್ತವೆ. ಬೇಗ ಒಡೆದರೆ ಒಳ್ಳೆಯದಲ್ಲವೇ ಎನಿಸಬಹುದು. ಅಲ್ಲ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳವಣಿಗೆ ಚುರುಕಾಗುತ್ತದೆ, ಆದರೆ ಮೊಟ್ಟೆಗಳು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟದ ವರ್ಷ ಚಳಿಗಾಲದ ಅಲೆಗಳು ಸಂದಿಯಿಂದ ಮೊಟ್ಟೆಗಳನ್ನು ಕಿತ್ತು ಎಸೆಯುವ ಅಪಾಯವೂ ಇದೆ.

ಏಪ್ರಿಲ್ ಸುಮಾರಿಗೆ ಹೊರಬರುವ ಮರಿ ಸುಮಾರು 12 ಮಿಲಿಮೀಟರ್ ಉದ್ದ, ಗಾಜಿನ ಎಳೆಯಂತೆ ಪಾರದರ್ಶಕ. ಹೊಟ್ಟೆಗಂಟಿದ ಹಳದಿ ಚೀಲ ಬರಿದಾಗುವುದರೊಳಗೆ ಕೋಪೆಪಾಡ್‌ನಂಥ ಸೂಕ್ಷ್ಮ ಪ್ರಾಣಿಗಳು ಹೇರಳವಾಗಿ ಸಿಗಬೇಕು. ಈಗ ಕೈಕೊಡುತ್ತಿರುವುದು ಇದೇ ಹಂತ. ಹಡಗುಗಳು ಸಮತೋಲನಕ್ಕೆಂದು ಒಡಲಲ್ಲಿ ತುಂಬಿಕೊಳ್ಳುವ ನೀರಿನಲ್ಲಿ ಕಪ್ಪು ಸಮುದ್ರದ ಸೀಮೆಯಿಂದ ಬಂದ ಕ್ವಾಗ್ಗ ಮಸ್ಸೆಲ್ ಎಂಬ ಚಿಪ್ಪುಜೀವಿ ತಳವನ್ನೆಲ್ಲ ಹಾಸಿಕೊಂಡು ನೀರನ್ನು ಸೋಸುತ್ತದೆ. ಪಾಚಿ ಅದರ ಪಾಲಾದರೆ ಕೋಪೆಪಾಡ್‌ಗೆ ಮೇವಿಲ್ಲ. ಪ್ರವಾಸಿಗರು ಮೆಚ್ಚುವ ತಿಳಿನೀರು ವಾಸ್ತವದಲ್ಲಿ ಬರಗಾಲದ ನೀರು.

ದೊಡ್ಡ ಮೀನುಗಳಿಗೂ ಹೊಡೆತ ಬಿದ್ದಿದೆ. ಅವುಗಳ ಮುಖ್ಯ ಆಹಾರವಾಗಿದ್ದ, ಕೊಬ್ಬು ತುಂಬಿದ ಡೈಪೊರಿಯಾ ಎಂಬ ಸಿಗಡಿಯಂಥ ಜೀವಿ 1990ರ ದಶಕದಿಂದ ಕುಸಿಯಿತು. ಬದಲಿಗೆ ಮಸ್ಸೆಲ್‌ಗಳನ್ನು ಚಿಪ್ಪಿನ ಸಮೇತ ನುಂಗುತ್ತವೆ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಮಿಶಿಗನ್ ಸರೋವರದ್ದೇ ಭಾಗವಾದ ಗ್ರೀನ್ ಬೇ ಕೊಲ್ಲಿಯಲ್ಲಿ ಮಾತ್ರ ಮರಿಗಳು ಉಳಿದು ಬೆಳೆದಿವೆ, ಏಕೆಂದರೆ ಫಾಕ್ಸ್ ನದಿ ತರುವ ಪೋಷಕಾಂಶದಿಂದ ಅಲ್ಲಿ ಪಾಚಿ ಸಮೃದ್ಧ. ಸುಪೀರಿಯರ್ ಸರೋವರದ ನೀರಿನಲ್ಲಿ ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ಮಸ್ಸೆಲ್ ಹಾವಳಿ ಅಷ್ಟಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲೂ ಮೊಟ್ಟೆ ಒಡೆಸಿ ಮರಿ ಮಾಡುವ ಮರಿಕೇಂದ್ರಗಳಿದ್ದವು. ಆಗ ತಾನೇ ಒಡೆದ ಮರಿಗಳನ್ನೇ ಸರೋವರಕ್ಕೆ ಸುರಿಯುತ್ತಿದ್ದರು. ಇಂದು ಅದು ಹಸಿವಿನ ಬಾಯಿಗೇ ಹಾಕಿದಂತೆ. ಮಿಶಿಗನ್ ರಾಜ್ಯದ ಸೂ ಸೇಂಟ್ ಮೇರಿ ಎಂಬ ಊರಿನ ಚಿಪ್ಪೆವಾ ಎಂಬ ಮೂಲನಿವಾಸಿ ಬುಡಕಟ್ಟಿನ ಮೀನುಗಾರಿಕಾ ವಿಭಾಗ ಮರಿಗಳನ್ನು ಮೊದಲು ಕೊಳಗಳಲ್ಲಿ ಮೇಯಿಸಿ, ಬಲಿತ ಮೇಲೆ ಬಿಡುವ ದಾರಿ ಹಿಡಿದಿದೆ.